ಹಳೆಯ ಎಟಿವಿಯಲ್ಲಿ ಕಿಡಿ ಬರುತ್ತಿಲ್ಲವೇ? ಸಿಡಿಐ ಬಾಕ್ಸ್ ಕೊಳ್ಳುವ ಮೊದಲು ಇಷ್ಟು ನೋಡಿ

ಎಂಜಿನ್ ಸಲೀಸಾಗಿ ತಿರುಗುತ್ತಿದೆ, ಕಂಪ್ರೆಷನ್ ಇದೆ, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಆದರೂ ಒಂದು ‘ಟಪ್’ ಸದ್ದೂ ಇಲ್ಲ. ಪ್ಲಗ್ಗನ್ನು ಎಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕತ್ತಲೋ ಕತ್ತಲು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಎಟಿವಿಗಳಲ್ಲಿ (ದಪ್ಪ ಟೈರಿನ, ಕಚ್ಚಾ ನೆಲದಲ್ಲಿ ಓಡುವ ಗಾಡಿಗಳಲ್ಲಿ) ನಾನು ಅತಿ ಹೆಚ್ಚು ಕಂಡಿರುವ ದೂರು ಇದು. ಇಂಥ ಗಾಡಿಯ ಮುಂದೆ ನಿಂತವರಲ್ಲಿ ಹೆಚ್ಚಿನವರ ಬಾಯಿಂದ ಮೊದಲು ಬರುವ ಮಾತು ‘ಸಿಡಿಐ ಹೋಗಿರಬೇಕು’ ಎಂಬುದೇ.

ಹಾಗೆ ಹೇಳುವುದಕ್ಕೆ ಕಾರಣವಿದೆ. ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಎಂದರೆ ಕಿಡಿಗೆ ಬೇಕಾದ ಶಕ್ತಿಯನ್ನು ಕೂಡಿಟ್ಟು ಸರಿಯಾದ ಹೊತ್ತಿಗೆ ಬಿಡುವ, ರಾಳದಲ್ಲಿ ಮುಚ್ಚಿಹಾಕಿದ ಕಪ್ಪು ಡಬ್ಬಿ. ಒಳಗೆ ಏನಾಗಿದೆ ಎಂದು ಕಾಣುವುದಿಲ್ಲ, ಸಾಮಾನ್ಯ ಮಲ್ಟಿಮೀಟರಿನಿಂದ ಅಳೆದು ತೀರ್ಪು ಕೊಡಲೂ ಆಗುವುದಿಲ್ಲ. ಕಾಣದ್ದರ ಮೇಲೆ ಅನುಮಾನ ಬೇಗ ಹುಟ್ಟುತ್ತದೆ. ಆದರೆ ಅಳೆಯಲಾಗದ ಭಾಗವನ್ನು ಕಟ್ಟಕಡೆಗೆ ಅನುಮಾನಿಸಬೇಕೇ ಹೊರತು ಮೊದಲಲ್ಲ. ಅಳೆಯಬಹುದಾದ ಉಳಿದೆಲ್ಲವೂ ಸರಿ ಇವೆ ಎಂದು ಖಾತ್ರಿಯಾದಾಗ ಮಾತ್ರ ಅದರ ಸರದಿ.

ಕಿಡಿ ಬರುವ ದಾರಿ

ದಾರಿ ಗೊತ್ತಿದ್ದರೆ ಎಲ್ಲಿ ಕಡಿದಿದೆ ಎಂದು ಹುಡುಕುವುದು ಸುಲಭ. ಹಳೆಯ ಎಟಿವಿಗಳಲ್ಲಿ ಬಹುಪಾಲು ಎಸಿ-ಸಿಡಿಐ ವ್ಯವಸ್ಥೆ ಇರುತ್ತದೆ. ಫ್ಲೈವೀಲ್ ತಿರುಗಿದಾಗ ಅದರ ಅಯಸ್ಕಾಂತಗಳು ಸ್ಟೇಟರಿನಲ್ಲಿರುವ (ತಿರುಗದೆ ನಿಂತಿರುವ ಸುರುಳಿಗಳ ಚಕ್ರದಲ್ಲಿರುವ) ಸೋರ್ಸ್ ಕಾಯಿಲಿನಲ್ಲಿ ಎಸಿ ಕರೆಂಟ್ ಹುಟ್ಟಿಸುತ್ತವೆ. ಆ ಕರೆಂಟ್ ಸಿಡಿಐ ಒಳಗಿನ ಕೆಪಾಸಿಟರನ್ನು ಕೆಲವು ನೂರು ವೋಲ್ಟಿಗೆ ತುಂಬಿಸುತ್ತದೆ. ಪಿಸ್ಟನ್ ಸರಿಯಾದ ಜಾಗಕ್ಕೆ ಬಂದ ಗಳಿಗೆಯಲ್ಲಿ ಪಿಕಪ್ ಕಾಯಿಲ್ ಒಂದು ಪುಟ್ಟ ಸಂಕೇತ ಕಳಿಸುತ್ತದೆ. ಕೂಡಲೇ ಕೆಪಾಸಿಟರಿನಲ್ಲಿದ್ದ ಅಷ್ಟೂ ಶಕ್ತಿ ಇಗ್ನಿಷನ್ ಕಾಯಿಲಿನ ಮೊದಲ ಸುರುಳಿಗೆ, ಅಂದರೆ ಪ್ರೈಮರಿಗೆ ನುಗ್ಗುತ್ತದೆ. ಎರಡನೆಯ ಸುರುಳಿಯಾದ ಸೆಕೆಂಡರಿಯಲ್ಲಿ ಅದು ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನ ತುದಿಯಲ್ಲಿ ಜಿಗಿಯುತ್ತದೆ. ಇಲ್ಲಿ ಬ್ಯಾಟರಿಗೆ ಯಾವ ಪಾತ್ರವೂ ಇಲ್ಲ. ಬ್ಯಾಟರಿ ಬಿಚ್ಚಿಟ್ಟು ಕಿಕ್ ಹೊಡೆದರೂ ಕಿಡಿ ಬರಬೇಕು.

ಡಿಸಿ-ಸಿಡಿಐ ಇದ್ದರೆ ಲೆಕ್ಕ ಬೇರೆ. ಅದಕ್ಕೆ ಬ್ಯಾಟರಿಯಿಂದ 12 ವೋಲ್ಟ್ ಬೇಕೇ ಬೇಕು. ಸೆಲ್ಫ್ ಒತ್ತಿದಾಗ ಬ್ಯಾಟರಿ 9–10 ವೋಲ್ಟಿಗಿಂತ ಕೆಳಗೆ ಕುಸಿದರೆ ಎಂಜಿನ್ ತಿರುಗುತ್ತಿದ್ದರೂ ಕಿಡಿ ಕೈಕೊಡಬಹುದು. ನಿಮ್ಮದು ಯಾವ ಬಗೆ ಎಂದು ತಿಳಿಯಲು ನಿಮ್ಮ ಮಾದರಿಯ ವೈರಿಂಗ್ ನಕ್ಷೆಯೇ ನಂಬಿಕಸ್ಥ ದಾರಿ. ನಕ್ಷೆ ಸಿಗದಿದ್ದರೆ ಕೀ ಆನ್ ಮಾಡಿ ಸಿಡಿಐ ಕನೆಕ್ಟರಿನ ಒಂದೊಂದೇ ಪಿನ್ನನ್ನು ಗಾಡಿಯ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ಹೋಲಿಸಿ ಅಳೆಯಿರಿ. ಎಲ್ಲಾದರೂ ಬ್ಯಾಟರಿ ವೋಲ್ಟೇಜ್ ಸಿಕ್ಕಿದರೆ ಅದು ಬಹುತೇಕ ಡಿಸಿ. ಎಸಿ-ಸಿಡಿಐಗೆ ‘ನೋಡೋಣ’ ಎಂದು ಬ್ಯಾಟರಿಯಿಂದ ನೇರ ಕರೆಂಟ್ ಕೊಡಬೇಡಿ. ಚೆನ್ನಾಗಿರುವ ಡಬ್ಬಿಯೂ ಸುಡಬಹುದು.

ಇನ್ನೂ ಹಳೆಯ ಗಾಡಿಗಳಲ್ಲಿ, ಹೋಂಡಾ 1970ರಲ್ಲಿ ತಂದ ಮೂರು ಚಕ್ರದ ಗಾಡಿಯ ಕಾಲದವುಗಳಲ್ಲಿ, ಸಿಡಿಐ ಇರುವುದೇ ಇಲ್ಲ, ಕಾಂಟ್ಯಾಕ್ಟ್ ಪಾಯಿಂಟ್ (ಎಂಜಿನ್ ತಿರುಗಿದಂತೆ ಕೂಡಿ ಬಿಡುವ ಲೋಹದ ಸ್ವಿಚ್) ಇರುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಪಾಯಿಂಟಿನ ಮುಖಕ್ಕೆ ಬೂದುಬಣ್ಣದ ಪದರ ಕಟ್ಟಿ ಕರೆಂಟ್ ಹಾಯುವುದಿಲ್ಲ. ಸಣ್ಣ ಪಾಯಿಂಟ್ ಫೈಲಿನಿಂದ ಹಗುರವಾಗಿ ಉಜ್ಜಿ, ಒಂದು ಬಿಳಿ ಕಾಗದವನ್ನು ನಡುವೆ ಎಳೆದು ಪುಡಿ ತೆಗೆದು, ಗ್ಯಾಪನ್ನು 0.3ರಿಂದ 0.4 ಮಿಮೀಗೆ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಕಂಡೆನ್ಸರ್ ಶಾರ್ಟ್ ಆಗಿದೆಯೇ ನೋಡಿ. ಮುಂದಿನ ಮಾತೆಲ್ಲ ಸಿಡಿಐ ಗಾಡಿಗಳದ್ದು.

ಕಿಡಿ ನಿಜಕ್ಕೂ ಇಲ್ಲವೇ?

ಮೊದಲು ಇದನ್ನೇ ಖಚಿತಪಡಿಸಿಕೊಳ್ಳಿ. ಹಗಲು ಬೆಳಕಿನಲ್ಲಿ ಸಣ್ಣ ಕಿಡಿ ಕಾಣುವುದಿಲ್ಲ. ಪ್ಲಗ್ಗಿನ ಲೋಹದ ಮೈ ಹೆಡ್ಡಿಗೆ ಗಟ್ಟಿಯಾಗಿ ತಾಗದಿದ್ದರೂ ಕಿಡಿ ಬರುವುದಿಲ್ಲ. ಪೇಂಟು, ಜಿಡ್ಡು, ಮಸಿ ಇದ್ದ ಜಾಗದಲ್ಲಿ ತಾಗಿಸಿ ‘ಕಿಡಿ ಇಲ್ಲ’ ಎಂದು ನಿರ್ಧರಿಸಿದವರನ್ನು ನೋಡಿದ್ದೇನೆ. ಒಂದು ಜಂಪರ್ ವೈರಿನ ಎರಡು ಕ್ಲಿಪ್‌ಗಳಲ್ಲಿ ಒಂದನ್ನು ಪ್ಲಗ್ಗಿನ ಲೋಹದ ಮೈಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಾಕಿ, ಆಮೇಲೆ ತಿರುಗಿಸಿ.

ಎರಡು ಎಚ್ಚರಿಕೆ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತದೆ. ಕಿಡಿ ಪರೀಕ್ಷಿಸುವ ಪ್ಲಗ್ಗನ್ನು ತೂತಿನಿಂದ ದೂರವಿಡಿ, ತೂತಿನಲ್ಲಿ ಇನ್ನೊಂದು ಹಳೆಯ ಪ್ಲಗ್ ತಿರುಗಿಸಿಡಿ. ಪ್ಲಗ್ ಕ್ಯಾಪನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಎಂಜಿನ್ ತಿರುಗಿಸಲೂ ಬೇಡಿ. ಹೊರಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲಿನ ಒಳಗಡೆಯೇ ಇನ್ಸುಲೇಷನ್ ಸೀಳಬಹುದು, ಸಿಡಿಐಗೂ ಹೊಡೆತ ಬೀಳಬಹುದು.

ಬರಿಯ ಪ್ಲಗ್ಗಿಗಿಂತ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಎಷ್ಟೋ ಮೇಲು. ಪ್ಲಗ್ಗಿನ 0.7 ಮಿಮೀ ಗ್ಯಾಪನ್ನು ತೆರೆದ ಗಾಳಿಯಲ್ಲಿ ದಾಟಲು ಹೆಚ್ಚು ವೋಲ್ಟೇಜ್ ಬೇಡ. ಅದೇ ಗ್ಯಾಪನ್ನು ಕಂಪ್ರೆಷನ್ ಆದ ಗಾಳಿಯಲ್ಲಿ ದಾಟಲು ಅದರ ಹಲವು ಪಟ್ಟು ಬೇಕು. ಹಾಗಾಗಿ ಹೊರಗೆ ಮಿಣುಕುವ ಕಿಡಿ ಒಳಗೆ ಸತ್ತುಹೋಗಬಹುದು. ಯಮಾಹಾದ ಸರ್ವಿಸ್ ಕೈಪಿಡಿಗಳು ಕನಿಷ್ಠ 6 ಮಿಮೀ ಗ್ಯಾಪನ್ನು ಕಿಡಿ ದಾಟಬೇಕು ಎನ್ನುತ್ತವೆ, ನಾನೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ನೀಲಿಬಣ್ಣದ, ‘ಚಟ್ ಚಟ್’ ಎಂದು ಕೇಳಿಸುವ ಕಿಡಿ 6 ಮಿಮೀ ದಾಟಿದರೆ ಇಗ್ನಿಷನ್ ಆರೋಗ್ಯವಾಗಿದೆ, ದೋಷವನ್ನು ಬೇರೆ ಕಡೆ ಹುಡುಕಿ. ಸಣಕಲು ಕಿತ್ತಳೆ ಕಿಡಿಯಾದರೆ ಮುಂದೆ ಓದಿ.

ಹೊಸ ಪ್ಲಗ್ ಹಾಕಿ ನೋಡಿ ಎಂದು ಬೇರೆ ಹೇಳಬೇಕಿಲ್ಲ. ಪೆಟ್ರೋಲಿನಲ್ಲಿ ತೊಯ್ದು ತೊಯ್ದು ಸತ್ತ ಪ್ಲಗ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು.

ಕ್ಯಾಪ್ ಬಿಚ್ಚಿ, ಒಳಗೆ ನೋಡಿ

ಪ್ಲಗ್ ಕ್ಯಾಪ್ ಅನೇಕ ಗಾಡಿಗಳಲ್ಲಿ ಸ್ಕ್ರೂ ಥರ ಎಚ್‌ಟಿ ಕೇಬಲ್ಲಿಗೆ (ಕಾಯಿಲಿನಿಂದ ಪ್ಲಗ್ಗಿಗೆ ಬರುವ ದಪ್ಪ ವೈರಿಗೆ) ತಿರುಗಿಸಿ ಕೂರಿಸಿದ್ದು. ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಹಳೆಯ ಗಾಡಿಯಾದರೆ ತಾಮ್ರದ ಎಳೆಗಳು ಹೊಳೆಯುವ ಬದಲು ಹಸಿರು ಪುಡಿಯಾಗಿ ಉದುರುತ್ತವೆ. ಬೆರಳ ಉಗುರಿನಿಂದ ಕೆದಕಿದರೆ ಎಳೆಗಳ ಜಾಗದಲ್ಲಿ ಬರಿಯ ತೂತು ಉಳಿಯುವುದೂ ಉಂಟು. ಚೂಪಾದ ಕಟರಿನಿಂದ 5 ಮಿಮೀಯಷ್ಟು ನೇರವಾಗಿ ಕತ್ತರಿಸಿ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಬೇಕು, ಆದರೆ ಕೇಬಲ್ ಪ್ಲಗ್ಗಿಗೆ ಎಟುಕುವಷ್ಟು ಉದ್ದ ಉಳಿಯಬೇಕು. ಆಮೇಲೆ ಕ್ಯಾಪನ್ನು ನೇರ ಹಿಡಿದು ತಿರುಗಿಸಿ, ಒಳಗಿನ ಸ್ಕ್ರೂ ಎಳೆಗಳ ನಡುವೆ ಹೊಕ್ಕಬೇಕು.

ಕ್ಯಾಪಿನ ಒಳಗೆ ಸಾಮಾನ್ಯವಾಗಿ 5 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ. ಮೀಟರಿನ ಒಂದು ಮೊನೆ ಕೇಬಲ್ ಕಡೆಯ ಸ್ಕ್ರೂಗೆ, ಇನ್ನೊಂದು ಪ್ಲಗ್ ಕಡೆಯ ಹಿತ್ತಾಳೆಗೆ ಹಿಡಿಯಿರಿ. 5ರ ಆಸುಪಾಸು ಇದ್ದರೆ ಸರಿ. 20, 30 ಕಿಲೋ ಓಮ್ ತೋರಿಸಿದರೆ ಅಥವಾ ಅನಂತ ಎಂದರೆ ಕ್ಯಾಪ್ ಬದಲಿಸಿ. ಇಗ್ನಿಷನ್ನಿನ ಅಗ್ಗದ ಭಾಗಗಳಲ್ಲಿ ಇದೂ ಒಂದು, ಆದರೂ ಜನ ಇದನ್ನು ಕಡೆಗೆ ನೋಡುತ್ತಾರೆ.

ಕಿಲ್ ವೈರ್ ಕಿತ್ತು ನೋಡುವ ಪರೀಕ್ಷೆ

ಎಸಿ-ಸಿಡಿಐ ಗಾಡಿಯಲ್ಲಿ ಕಿಲ್ ಸ್ವಿಚ್ ಕೆಲಸ ಮಾಡುವ ಬಗೆಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಮನೆಯ ದೀಪದ ಸ್ವಿಚ್ಚಿನಂತೆ ಅದು ಕರೆಂಟನ್ನು ಕಡಿಯುವುದಿಲ್ಲ. ಕೆಪಾಸಿಟರಿಗೆ ಹೋಗಬೇಕಾದ ಕರೆಂಟನ್ನು ಬಾಡಿಗೆ ಹರಿಸಿ ಎಂಜಿನ್ ನಿಲ್ಲಿಸುತ್ತದೆ. ಎಂದರೆ, ಸಿಡಿಐಯಿಂದ ಹ್ಯಾಂಡಲ್ ತನಕ ಹೋಗುವ ಆ ಒಂದು ವೈರ್ ದಾರಿಯಲ್ಲಿ ಎಲ್ಲೇ ಸಿಪ್ಪೆ ಸುಲಿದು ಫ್ರೇಮಿಗೆ ತಾಗಿದರೂ, ಸ್ವಿಚ್ಚಿನ ಒಳಗೆ ನೀರು ಹೊಕ್ಕು ತುಕ್ಕು ಹಿಡಿದರೂ, ಕೀ ಸ್ವಿಚ್ಚಿನ ಒಳಗೆ ಕೆಸರು ಕೂತರೂ ಗಾಡಿಯ ಮಟ್ಟಿಗೆ ಅದು ಸದಾ ‘ಆಫ್’. ಎಲ್ಲ ಭಾಗಗಳೂ ಚೆನ್ನಾಗಿವೆ, ಕಿಡಿ ಮಾತ್ರ ಇಲ್ಲ.

ಆದ್ದರಿಂದ ನಕ್ಷೆಯಲ್ಲಿ ಕಿಲ್ ವೈರ್ ಯಾವುದೆಂದು ಗುರುತಿಸಿ. ಹೋಂಡಾ ಮತ್ತು ಯಮಾಹಾ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಕಪ್ಪು ಮೈಯ ಮೇಲೆ ಬಿಳಿ ಗೆರೆಯ ವೈರ್. ಸಿಡಿಐ ಹತ್ತಿರ ಅದೊಂದನ್ನೇ ಕನೆಕ್ಟರಿನಿಂದ ಹೊರತೆಗೆದು ಮತ್ತೆ ಕಿಡಿ ನೋಡಿ. ಕಿಡಿ ಬಂತೇ? ಸ್ಟೇಟರ್, ಪಿಕಪ್, ಸಿಡಿಐ, ಕಾಯಿಲ್ ನಾಲ್ಕೂ ಚೆನ್ನಾಗಿವೆ ಎಂದು ಒಂದೇ ಏಟಿಗೆ ಸಾಬೀತಾಯಿತು. ದೋಷ ಸ್ವಿಚ್ಚುಗಳಲ್ಲಿ ಅಥವಾ ಆ ವೈರಿನಲ್ಲಿದೆ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಫ್ಲೈವೀಲ್ ಎಳೆಯಲು ಹೊರಟರೆ ಒಂದು ದಿನ ವ್ಯರ್ಥ. ಒಂದು ನೆನಪಿರಲಿ: ಈ ವೈರ್ ಕಿತ್ತಿರುವಾಗ ಎಂಜಿನ್ ಚಾಲೂ ಆದರೆ ಕೀಯಿಂದ ನಿಲ್ಲುವುದಿಲ್ಲ. ನಿಲ್ಲಿಸಲು ಕಿಲ್ ವೈರ್ ಹೋಗುತ್ತಿದ್ದ ಸಿಡಿಐ ಪಿನ್ನಿಗೆ ಒಂದು ಜಂಪರ್ ಹಾಕಿ, ಬಾಡಿಗೆ ತಾಗಿಸಲು ಸಿದ್ಧವಾಗಿಟ್ಟುಕೊಳ್ಳಿ.

ಒಂದು ಗಾಡಿಯಲ್ಲಿ ಇದೇ ಪರೀಕ್ಷೆ ನನ್ನನ್ನು ಎರಡು ವಾರ ಸತಾಯಿಸಿತ್ತು. ವೈರ್ ಕಿತ್ತರೂ ಹಾಕಿದರೂ ಕಿಡಿ ಬರುತ್ತಿತ್ತು. ಮಾಲೀಕರು ಬಂದು ಹತ್ತಿ ಹೊರಟರೆ ಮೊದಲ ತಿರುವಿನಲ್ಲೇ ಸತ್ತುಹೋಗುತ್ತಿತ್ತು. ಅಷ್ಟರಲ್ಲಿ ಅವರು ಹೊಸ ಸಿಡಿಐ, ಹೊಸ ಕಾಯಿಲ್ ಎರಡನ್ನೂ ತಂದು ಹಾಕಿಸಿದ್ದರು. ಕೊನೆಗೊಂದು ಸಂಜೆ ಕಿಲ್ ವೈರಿಗೂ ಬಾಡಿಗೂ ಮೀಟರ್ ಕಟ್ಟಿ, ಬೀಪ್ ಶಬ್ದಕ್ಕೆ ಇಟ್ಟು, ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದೆ. ಪೂರಾ ಎಡಕ್ಕೆ ಹೋಗುವ ಒಂದು ಬೆರಳಿನಷ್ಟು ಮೊದಲು ಮೀಟರ್ ಕೂಗಿತು. ಬಲಕ್ಕೆ ತಂದರೆ ಮೌನ. ಸ್ಟೀರಿಂಗ್ ಕಂಬದ ಹಿಂದೆ, ವೈರಿಂಗ್ ಕಟ್ಟು ಬಾಗುವ ಜಾಗದಲ್ಲಿ, ಹೊರಗಿನ ಟೇಪ್ ಹಾಗೇ ಇತ್ತು. ಟೇಪ್ ಸುಲಿದಾಗ ಒಳಗೆ ಒಂದೇ ಒಂದು ವೈರ್ ಅಕ್ಕಿಕಾಳಿನಷ್ಟು ಜಾಗದಲ್ಲಿ ಸವೆದು ತಾಮ್ರ ತೋರಿಸುತ್ತಿತ್ತು. ಅದರ ಎದುರಿಗಿದ್ದ ಫ್ರೇಮಿನ ಬ್ರಾಕೆಟ್ ಅಷ್ಟೇ ಜಾಗದಲ್ಲಿ ಪೇಂಟ್ ಹೋಗಿ ಮಿರಮಿರನೆ ಹೊಳೆಯುತ್ತಿತ್ತು. ಅಂದಿನಿಂದ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡದೆ ನಾನು ಯಾವ ಎಟಿವಿಯನ್ನೂ ಸರಿಯಾಯಿತು ಎಂದು ಹೇಳುವುದಿಲ್ಲ.

ಡಿಸಿ-ಸಿಡಿಐಯಲ್ಲಿ ಈ ಪರೀಕ್ಷೆ ತಲೆಕೆಳಗು. ಅನೇಕ ಕಡೆ ಕಿಲ್ ಸ್ವಿಚ್ 12 ವೋಲ್ಟನ್ನೇ ಕಡಿಯುತ್ತದೆ, ವೈರ್ ಕಿತ್ತರೆ ಇರುವ ಕಿಡಿಯೂ ಹೋಗುತ್ತದೆ. ಅಲ್ಲಿ ಕೀ ಆನ್, ಕಿಲ್ ಸ್ವಿಚ್ ‘ರನ್’ನಲ್ಲಿಟ್ಟು ಸಿಡಿಐ ಬಾಯಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ಅಲ್ಲಿಂದ ಫ್ಯೂಸಿನ ತನಕ ಹಿಂದಕ್ಕೆ ಹುಡುಕಿ.

ಥ್ರಾಟಲ್ ಸುರಕ್ಷತಾ ಸ್ವಿಚ್ಚನ್ನೂ ಮರೆಯಬೇಡಿ. ಬ್ಯಾನ್ಶೀಯಂಥ ಹಳೆಯ ಯಮಾಹಾ ಗಾಡಿಗಳಲ್ಲಿ ‘ಟಾರ್ಸ್’ ಎಂಬ ಏರ್ಪಾಡಿದೆ. ಥ್ರಾಟಲ್ ಲಿವರಿನಲ್ಲೊಂದು, ಕಾರ್ಬ್ಯುರೇಟರಿನಲ್ಲೊಂದು ಸ್ವಿಚ್ ಇದ್ದು, ಎರಡರ ಮಾತು ತಾಳೆಯಾಗದಿದ್ದರೆ ಇಗ್ನಿಷನ್ ಕಡಿತವಾಗುತ್ತದೆ. ಥ್ರಾಟಲ್ ಸಿಕ್ಕಿಹಾಕಿಕೊಂಡಾಗ ಸವಾರನನ್ನು ಕಾಪಾಡಲು ಇದನ್ನು ಇಟ್ಟಿದ್ದಾರೆ. ಪೊಲಾರಿಸ್‌ನ ಹಳೆಯ ಗಾಡಿಗಳಲ್ಲೂ ಥ್ರಾಟಲ್ ಡಬ್ಬಿಯೊಳಗೆ ಇಂಥದೇ ಸ್ವಿಚ್ ಇರುತ್ತದೆ, ಥ್ರಾಟಲ್ ಕೇಬಲ್ ಸಡಿಲಾದರೂ ಅದು ಕಿಡಿ ನಿಲ್ಲಿಸುತ್ತದೆ. ದೋಷ ಎಲ್ಲಿದೆ ಎಂದು ತಿಳಿಯಲು ಇದನ್ನು ತಾತ್ಕಾಲಿಕವಾಗಿ ಕಿತ್ತು ನೋಡಬಹುದು. ಕಿತ್ತೇ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಕೇಬಲ್ ಹೊಂದಿಸಿ, ಸ್ವಿಚ್ ತೊಳೆದು, ಸರಿಮಾಡಿ ವಾಪಸ್ ಹಾಕಿ.

ಇಗ್ನಿಷನ್ ಕಾಯಿಲ್ ಮತ್ತು ಬಾಡಿ ಅರ್ತ್

ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, 0.2ರಿಂದ 0.5 ಓಮ್ ಇರುತ್ತದೆ. ಪ್ರೈಮರಿ ಅಳೆದಾಗ ಅದನ್ನು ಕಳೆಯಬೇಕು. ಏಕೆಂದರೆ ಸಿಡಿಐ ಕಾಯಿಲಿನ ಪ್ರೈಮರಿ ಸಾಮಾನ್ಯವಾಗಿ 1 ಓಮಿನ ಒಳಗೇ ಇರುತ್ತದೆ. ಸೆಕೆಂಡರಿ, ಕ್ಯಾಪ್ ಬಿಚ್ಚಿ ಅಳೆದರೆ, ಹಲವು ಮಾದರಿಗಳಲ್ಲಿ 3ರಿಂದ 10 ಕಿಲೋ ಓಮ್ ನಡುವೆ ಬರುತ್ತದೆ. ನಿಖರ ಸಂಖ್ಯೆಗೆ ನಿಮ್ಮ ಮಾದರಿಯ ಕೈಪಿಡಿಯೇ ಪ್ರಮಾಣ.

ಕಾಯಿಲ್ ಅಳತೆಯಲ್ಲಿ ಸರಿ ಇದ್ದೂ ಕಿಡಿ ಇಲ್ಲದಿರಲು ಒಂದು ಕಾರಣ ಕಣ್ಣೆದುರೇ ಇರುತ್ತದೆ. ಫ್ರೇಮಿಗೆ ಹೊಸದಾಗಿ ಪೇಂಟ್ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ್ದೀರಾ? ಅನೇಕ ಕಾಯಿಲ್‌ಗಳಿಗೆ ಬೋಲ್ಟ್ ಕೂರುವ ಜಾಗವೇ ಅರ್ತ್. ಅಲ್ಲಿ ಪೇಂಟ್ ಇದ್ದರೆ ಕರೆಂಟಿಗೆ ಮರಳುವ ದಾರಿ ಇಲ್ಲ. ಗಾಡಿ ಚೆಂದವಾಗಿ ಹೊಳೆಯುತ್ತಿರುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ಬೋಲ್ಟಿನ ಕೆಳಗೆ ಲೋಹ ಕಾಣುವಂತೆ ಉಜ್ಜಿ. ಎಂಜಿನ್ನಿಗೂ ಫ್ರೇಮಿಗೂ ನಡುವಿನ ಅರ್ತ್ ವೈರನ್ನೂ ಬಿಚ್ಚಿ, ಎರಡೂ ತುದಿ ಉಜ್ಜಿ ಬಿಗಿಯಿರಿ. ಕಾಯಿಲಿನ ಮೈಯಿಂದ ಎಂಜಿನ್ನಿಗೆ ಅಳೆದರೆ ಮೊನೆಗಳ ರೆಸಿಸ್ಟೆನ್ಸ್ ಬಿಟ್ಟು ಸೊನ್ನೆಯ ಹತ್ತಿರ ಬರಬೇಕು.

ಸ್ಟೇಟರ್, ಪಿಕಪ್: ಫ್ಲೈವೀಲ್ ಎಳೆಯದೆಯೇ ಅಳೆಯಿರಿ

ಸೋರ್ಸ್ ಕಾಯಿಲ್, ಪಿಕಪ್ ಕಾಯಿಲ್ ಎರಡರ ವೈರುಗಳೂ ಎಂಜಿನ್ನಿನಿಂದ ಹೊರಬಂದು ಕನೆಕ್ಟರಿಗೆ ಸೇರುತ್ತವೆ. ಮೊದಲು ಆ ಕನೆಕ್ಟರನ್ನೇ ನೋಡಿ. ಬುಲೆಟ್ ಕನೆಕ್ಟರುಗಳು ಹಸಿರು ಕಟ್ಟಿರುತ್ತವೆ, ಪಿನ್ ಹಿಂದಕ್ಕೆ ಜಾರಿರುತ್ತದೆ, ಇಲಿ ಕಡಿದಿರುತ್ತದೆ. ಅದು ಸರಿ ಇದ್ದರೆ ಅಲ್ಲೇ ಬಿಚ್ಚಿ ಎಂಜಿನ್ ಕಡೆಯ ವೈರುಗಳನ್ನು ಅಳೆಯಿರಿ. ಪಿಕಪ್ ಹಲವು ಮಾದರಿಗಳಲ್ಲಿ 100ರಿಂದ 500 ಓಮ್ ಇರುತ್ತದೆ. ಸೋರ್ಸ್ ಕಾಯಿಲ್ ಮಾದರಿಯಿಂದ ಮಾದರಿಗೆ ತುಂಬಾ ಬೇರೆ, ಅಂದಾಜಿನ ಮೇಲೆ ತೀರ್ಪು ಕೊಡಬೇಡಿ. ಅನಂತ ಬಂದರೆ ತುಂಡಾಗಿದೆ, ಸೊನ್ನೆ ಬಂದರೆ ಶಾರ್ಟ್ ಆಗಿದೆ, ಅಷ್ಟು ಯಾವ ಮಾದರಿಗೂ ಅನ್ವಯಿಸುತ್ತದೆ. ಕೈಪಿಡಿಯ ಸಂಖ್ಯೆಗಳು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದಂಥವು. ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಅಳೆದರೆ 8 ಶೇಕಡಾದಷ್ಟು ಹೆಚ್ಚೇ ಬರುತ್ತದೆ. ಅದನ್ನು ದೋಷ ಎಂದುಕೊಳ್ಳಬೇಡಿ.

ತಣ್ಣಗಿದ್ದಾಗ ಸರಿ, ಬಿಸಿಯಾದರೆ ಕಿಡಿ ಮಾಯ ಎನ್ನುವ ಗಾಡಿಯಲ್ಲಿ ಎಂಜಿನ್ ಬಿಸಿ ಇರುವಾಗಲೇ, ಕಿಡಿ ಹೋದ ಐದು ನಿಮಿಷದೊಳಗೆ ಅಳೆಯಬೇಕು. ಬಿಸಿಗೆ ಹಿಗ್ಗಿದಾಗ ಸುರುಳಿಯ ಒಳಗಿನ ಸೀಳು ಬಾಯಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಎಂಜಿನ್ ಕವರ್ ಬಿಚ್ಚಿದ್ದರೆ ಕೂದಲು ಒಣಗಿಸುವ ಡ್ರೈಯರಿನಿಂದ ಸ್ಟೇಟರಿಗೆ ಬಿಸಿಗಾಳಿ ಕೊಡುತ್ತಾ ಮೀಟರ್ ನೋಡಿ. ಸಂಖ್ಯೆ ಮೆಲ್ಲಗೆ ಏರಬೇಕು. ಇದ್ದಕ್ಕಿದ್ದಂತೆ ಹಾರಿ ಅನಂತಕ್ಕೆ ಹೋದರೆ ಕಳ್ಳ ಸಿಕ್ಕಿಬಿದ್ದ.

ರೆಸಿಸ್ಟೆನ್ಸ್ ಸರಿ ಇದ್ದಮಾತ್ರಕ್ಕೆ ಕರೆಂಟ್ ಹುಟ್ಟುತ್ತಿದೆ ಎಂದಲ್ಲ. ಫ್ಲೈವೀಲಿನ ಅಯಸ್ಕಾಂತ ಬಿಟ್ಟುಹೋಗಿದ್ದರೆ ಕಾಯಿಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಪೀಕ್ ವೋಲ್ಟೇಜ್ ಅಡಾಪ್ಟರ್ (ಕ್ಷಣಮಾತ್ರದ ಗರಿಷ್ಠ ವೋಲ್ಟೇಜನ್ನು ಮೀಟರಿಗೆ ಹಿಡಿದುಕೊಡುವ ಸಾಧನ) ಇದ್ದರೆ ಅನುಮಾನಕ್ಕೆ ಜಾಗವೇ ಇಲ್ಲ. ಹೋಂಡಾದ ಕೈಪಿಡಿಗಳು ಪಿಕಪ್ ಕಾಯಿಲಿನಿಂದ ಕನಿಷ್ಠ 0.7 ವೋಲ್ಟ್, ಇಗ್ನಿಷನ್ ಕಾಯಿಲಿನ ಪ್ರೈಮರಿಯಲ್ಲಿ ಕನಿಷ್ಠ 100 ವೋಲ್ಟ್ ಪೀಕ್ ಇರಬೇಕೆನ್ನುತ್ತವೆ. ಅಡಾಪ್ಟರ್ ಇಲ್ಲದ ಸಾದಾ ಮೀಟರ್ ಇಷ್ಟು ಚಿಕ್ಕ ಮಿಂಚನ್ನು ಹಿಡಿಯಲಾರದು. ಎಸಿ ವೋಲ್ಟಿಗೆ ಇಟ್ಟು ಕಿಕ್ ಹೊಡೆದಾಗ ಸಂಖ್ಯೆ ಅಲುಗಾಡಿದರೆ ಕಾಯಿಲಿಗೆ ಜೀವವಿದೆ ಎಂದಷ್ಟೇ ತಿಳಿಯುತ್ತದೆ. ಅಳೆಯುವಾಗ ಮೊನೆಯ ಲೋಹ ಮುಟ್ಟಬೇಡಿ, ಸೋರ್ಸ್ ಕಾಯಿಲ್ ಜೋರಾಗಿಯೇ ಹೊಡೆಯುತ್ತದೆ.

ಕವರ್ ತೆಗೆಯಲೇಬೇಕಾಗಿ ಬಂದರೆ ಪಿಕಪ್ಪಿಗೂ ಫ್ಲೈವೀಲಿನ ಉಬ್ಬಿಗೂ ನಡುವಿನ ಅಂತರ ನೋಡಿ. ಕೈಪಿಡಿ ಬೇರೆ ಹೇಳದಿದ್ದರೆ 0.5ರಿಂದ 0.8 ಮಿಮೀ ಒಳ್ಳೆಯ ಆರಂಭ. ತುಕ್ಕು, ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ. ಫ್ಲೈವೀಲನ್ನು ಸರಿಯಾದ ಪುಲ್ಲರಿನಿಂದಲೇ ಎಳೆಯಿರಿ. ಸುತ್ತಿಗೆ ಪೆಟ್ಟಿಗೆ ಅಂಟಿಸಿದ ಅಯಸ್ಕಾಂತ ಕಳಚುತ್ತದೆ, ಕ್ರ್ಯಾಂಕ್ ಬೇರಿಂಗ್ ಹಾಳಾಗುತ್ತದೆ. ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಪುಟ್ಟ ಲೋಹದ ತುಂಡು, ವುಡ್ರಫ್ ಕೀ, ಕತ್ತರಿಸಿಹೋಗಿದ್ದರೆ ಕಿಡಿ ಬರುತ್ತದೆ, ಆದರೆ ತಪ್ಪು ಹೊತ್ತಿಗೆ. ಗಾಡಿ ಹಿಂದಕ್ಕೆ ಒದೆಯುವುದು, ಸೈಲೆನ್ಸರಿನಲ್ಲಿ ಢಮಾರ್ ಎನ್ನುವುದು ಅದರ ಲಕ್ಷಣ.

ಈಗ ಸಿಡಿಐ

ಪ್ಲಗ್, ಕ್ಯಾಪ್, ಕೇಬಲ್, ಕಾಯಿಲ್, ಅರ್ತ್, ಕಿಲ್ ವೈರ್, ಸೋರ್ಸ್, ಪಿಕಪ್ ಎಲ್ಲವೂ ತೇರ್ಗಡೆಯಾದವು. ಇಷ್ಟಾದ ಮೇಲೂ ಕಿಡಿ ಇಲ್ಲದಿದ್ದರೆ ಸಿಡಿಐ ಸತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಸಾಧ್ಯವಾದರೆ ಅದೇ ಮಾದರಿಯ, ಓಡುತ್ತಿರುವ ಗಾಡಿಯಿಂದ ಒಂದನ್ನು ಎರವಲು ತಂದು ಹಾಕಿ ನೋಡಿ. ಬದಲಿ ತರುವಾಗ ಕನೆಕ್ಟರ್ ಕೂರುತ್ತದೆ ಎಂಬುದನ್ನೇ ನಂಬಬೇಡಿ. ಒಂದೇ ಆಕಾರದ ಕನೆಕ್ಟರಿನಲ್ಲಿ ಪಿನ್ನುಗಳ ಜೋಡಣೆ ಬೇರೆ ಇರಬಹುದು, ಎಸಿ ಡಬ್ಬಿಯ ಜಾಗಕ್ಕೆ ಡಿಸಿ ಡಬ್ಬಿ ಬಂದಿರಬಹುದು. ಬಣ್ಣಕ್ಕಿಂತ ಪಿನ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಒಂದೊಂದಾಗಿ ಹೋಲಿಸಿ ನೋಡಿ, ಆಮೇಲೆ ಒತ್ತಿ.

ಕಿಡಿ ಬಂದ ಮೇಲೆ ಎಂಜಿನ್ ಚಾಲೂ ಮಾಡಿ ಚೆನ್ನಾಗಿ ಬಿಸಿಯಾಗಲು ಬಿಡಿ. ಅದು ಓಡುತ್ತಿರುವಾಗಲೇ ಹ್ಯಾಂಡಲನ್ನು ಪೂರಾ ಎಡಕ್ಕೂ ಪೂರಾ ಬಲಕ್ಕೂ ತಿರುಗಿಸಿ, ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಕತ್ತಲಾದ ಮೇಲೆ ಎಚ್‌ಟಿ ಕೇಬಲ್ಲಿನ ಉದ್ದಕ್ಕೂ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ ನೋಡಿ. ಎಲ್ಲಾದರೂ ಸಣ್ಣ ನೀಲಿ ಗೆರೆ ಫ್ರೇಮಿನ ಕಡೆ ಹರಿದರೆ ಆ ಕೇಬಲ್ ಬದಲಿಸಬೇಕು. ಕಡೆಯದಾಗಿ ಕಿಲ್ ಸ್ವಿಚ್ ಒತ್ತಿ, ಎಂಜಿನ್ ಕೂಡಲೇ ನಿಲ್ಲಬೇಕು. ಮತ್ತೆ ಚಾಲೂ ಮಾಡಿ ಕೀಯಿಂದ ಆಫ್ ಮಾಡಿ, ಆಗಲೂ ನಿಲ್ಲಬೇಕು. ಎರಡರಲ್ಲಿ ಯಾವುದು ನಿಲ್ಲಿಸದಿದ್ದರೂ ಗಾಡಿಯನ್ನು ಇನ್ನೂ ಹೊರಗೆ ತೆಗೆಯಬೇಡಿ.